ವಿಮಾನದಲ್ಲಿ ನಮ್ಮ ಸೀಟಿನ ಮೇಲಿನ ಬಿನ್‌ನಲ್ಲಿ ಬೇರೆಯವರ ಬ್ಯಾಗ್ ಇದ್ದರೆ ತೆಗೆದು ನಮ್ಮದು ಇಡಬಹುದಾ?

ತೆಗೆಯುವ ಹಾಗಿಲ್ಲ. ಸರಿಸಬಹುದು, ಅದೂ ಕೇಳಿಕೊಂಡು.

ನೀವು ಶಿರಸಿಯವರು, ಹುಬ್ಬಳ್ಳಿಯಲ್ಲಿ ಹತ್ತಿ ಬೆಂಗಳೂರಿನಲ್ಲಿ ವಿಮಾನ ಬದಲಿಸಿ ದಿಲ್ಲಿಗೆ ಹೋಗುವವರು, ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ, ಕೈಯಲ್ಲಿ ಒಂದು ಟ್ರಾಲಿ, ಒಂದು ಬ್ಯಾಕ್‌ಪ್ಯಾಕ್, ಉಪ್ಪಿನಕಾಯಿ, ಜೋನಿಬೆಲ್ಲದ (ನೀರುಬೆಲ್ಲದ) ಒಂದು ಚೀಲ ಎಂದು ಬರೆದಿದ್ದೀರಿ. ಅದನ್ನೇ ಹಿಡಿದು ಉತ್ತರಿಸುತ್ತೇನೆ. ಕಾರವಾರ, ಅಂಕೋಲಾ ಕಡೆಯಿಂದ ಗೋವಾಕ್ಕೆ ಹೋಗಿ ಹತ್ತುವವರಿಗೂ ಹೆಚ್ಚಿನದು ಅನ್ವಯಿಸುತ್ತದೆ.

ಸೀಟಿಗೆ ನಂಬರ್ ಇದೆ, ಬಿನ್‌ಗೆ ಇಲ್ಲ. ಬಿನ್‌ನ ಕೆಳಗೆ ಬರೆದಿರುವ 14 ಎ-ಬಿ-ಸಿ ಎನ್ನುವುದು ಸೀಟು ಹುಡುಕುವವರಿಗಾಗಿ, ಜಾಗದ ಹಕ್ಕುಪತ್ರವಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ ಇಲ್ಲಿ ಹಿಡಿಯಲು ಬರುವುದಿಲ್ಲ. ಆದರೆ ತಮ್ಮ ಸಾಲಿನ ಮೇಲೆ ಜಾಗವಿದ್ದರೆ ಅಲ್ಲೇ ಇಡುವುದು, ಇಲ್ಲದಿದ್ದರೆ ಹತ್ತಿರದಲ್ಲಿ ನೋಡುವುದು ಎಲ್ಲರೂ ಒಪ್ಪಿಕೊಂಡ ರೂಢಿ. 24ನೇ ಸಾಲಿನವರು ಒಳಗೆ ಬರುತ್ತಲೇ 3ನೇ ಸಾಲಿನ ಮೇಲೆ ಟ್ರಾಲಿ ತುರುಕಿ ಕೈಬೀಸಿಕೊಂಡು ಹಿಂದೆ ಹೋಗುತ್ತಾರಲ್ಲ, ತಂಟೆ ಶುರುವಾಗುವುದು ಅಲ್ಲಿಂದ. 3ನೇ ಸಾಲಿನವರು ಆಮೇಲೆ ಬಂದು, ಮುಂದೆ ಜಾಗ ಕಾಣದೆ, ಬ್ಯಾಗ್ ಹೊತ್ತು ಹಿಂದೆ ಹೋಗಬೇಕು. ಇಳಿಯುವಾಗ ಅದನ್ನು ತರಲು ಇಡೀ ವಿಮಾನ ಖಾಲಿಯಾಗುವ ತನಕ ಕಾಯಬೇಕು.

ಮೊದಲ ಸಾಲಿನವರಿಗೆ ಇನ್ನೊಂದು ತೊಂದರೆ. ಅವರ ಮುಂದೆ ಗೋಡೆ, ಕಾಲ ಬಳಿ ಸಾಮಾನು ತಳ್ಳಲು ಸೀಟೇ ಇಲ್ಲ. ವಿಮಾನ ಏರುವಾಗ ಇಳಿಯುವಾಗ ಅವರ ಪರ್ಸ್ ಕೂಡ ಮೇಲೆ ಹೋಗಬೇಕು. ತುರ್ತು ಬಾಗಿಲಿನ ಸಾಲುಗಳಿಗೂ ಅಷ್ಟೇ, ನೆಲದ ಮೇಲೆ ಏನೂ ಇರಕೂಡದು. ಈ ಎರಡು ಕಡೆಯ ಬಿನ್‌ಗಳನ್ನು ಆದಷ್ಟು ಅವರಿಗೇ ಬಿಡಿ. ಕೆಲವು ಬಿನ್‌ಗಳಲ್ಲಿ ಆಮ್ಲಜನಕದ ಸಿಲಿಂಡರ್, ಬೆಂಕಿ ಆರಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತವೆ. ಪಕ್ಕದಲ್ಲಿ ಒಂದಿಷ್ಟು ಜಾಗ ಕಂಡರೂ ಅಲ್ಲಿ ಏನನ್ನೂ ಇಡಬಾರದು.

ಈಗ ಲೆಕ್ಕ. ಇಂಡಿಗೋ, ಏರ್ ಇಂಡಿಯಾ ಎರಡರಲ್ಲೂ ಎಕಾನಮಿ ದರ್ಜೆಯ ಕೈಚೀಲಕ್ಕೆ 7 ಕಿಲೋ, ಉದ್ದ ಅಗಲ ದಪ್ಪ ಮೂರೂ ಸೇರಿ 115 ಸೆಂ.ಮೀ. ಮಿತಿ. ಅದರ ಜೊತೆಗೆ ಲ್ಯಾಪ್‌ಟಾಪ್ ಬ್ಯಾಗೋ ಹೆಂಗಸರ ಪರ್ಸೋ ಒಂದು. ನೀವು ಹೇಳಿದ ಮೂರು ಚೀಲ ಇಬ್ಬರಿಗೆ ಹೆಚ್ಚೇನಲ್ಲ, ಆದರೆ ಮೂರೂ ಮೇಲೆ ಹೋಗಬಾರದು. ಇಂಡಿಗೋದ ಏರ್‌ಬಸ್ ಎ320 ಜೆಟ್ ವಿಮಾನದಲ್ಲಿ 180-186 ಸೀಟು. ಅಷ್ಟೂ ಜನ ಎರಡೆರಡು ಚೀಲ ಮೇಲಿಟ್ಟರೆ ಯಾವ ಬಿನ್ನೂ ಸಾಲದು. ಟ್ರಾಲಿ ಮೇಲೆ, ಬ್ಯಾಕ್‌ಪ್ಯಾಕ್ ಮುಂದಿನ ಸೀಟಿನ ಅಡಿಗೆ. ಶಾಲು, ಸ್ವೆಟರ್, ಅಂಗಡಿಯ ಪ್ಲಾಸ್ಟಿಕ್ ಚೀಲ ಇವೆಲ್ಲ ಎಲ್ಲರ ಟ್ರಾಲಿ ಒಳಗೆ ಹೋದ ಮೇಲೆ ಸಂದಿಯಲ್ಲಿ.

ಇಡುವ ರೀತಿಯಲ್ಲೇ ಅರ್ಧ ಜಾಗ ಉಳಿಯುತ್ತದೆ. 55, 35, 25 ಸೆಂ.ಮೀ. ಅಳತೆಯ ಟ್ರಾಲಿಯನ್ನು ಅಡ್ಡಡ್ಡ ಮಲಗಿಸಿದರೆ ಬಿನ್‌ನ ಉದ್ದದಲ್ಲಿ 55 ಸೆಂ.ಮೀ. ನುಂಗುತ್ತದೆ. ಚಕ್ರ ಒಳಗೆ, ಹಿಡಿ ಹೊರಗೆ ಮಾಡಿ ಉದ್ದಕ್ಕೆ ತಳ್ಳಿದರೆ 35. ದೊಡ್ಡ ಬಿನ್ ಇರುವ ಹೊಸ ವಿಮಾನಗಳಲ್ಲಿ ಮಗ್ಗುಲ ಮೇಲೆ ನಿಲ್ಲಿಸಿದರೆ ಬರೀ 25. ಅಂದರೆ ಒಬ್ಬರು ಅಡ್ಡ ಇಟ್ಟರೆ ಎರಡು ಟ್ರಾಲಿಯ ಜಾಗ ಹೋಯಿತು. ಬೋಯಿಂಗ್ 737ರ ಹಳೆಯ ಬಿನ್‌ನಲ್ಲಿ ನಾಲ್ಕು ಹಿಡಿದರೆ, ನಿಲ್ಲಿಸಿಡುವ ಹೊಸ ಬಿನ್‌ನಲ್ಲಿ ಆರು ಹಿಡಿಯುತ್ತವೆ. ಯಾವುದನ್ನು ಹೇಗೆ ಇಡಬೇಕು ಎಂದು ಬಾಗಿಲ ಒಳಮೈಯಲ್ಲಿ ಸಾಮಾನ್ಯವಾಗಿ ಚಿತ್ರ ಅಂಟಿಸಿರುತ್ತಾರೆ. ಹಳೆಯ ಬಿನ್‌ನಲ್ಲಿ ನಿಲ್ಲಿಸಲು ಹೋದರೆ ಬಾಗಿಲು ಕೂರುವುದಿಲ್ಲ. ಆಗ ಗುದ್ದಿ ಮುಚ್ಚಬೇಡಿ, ಕೊಕ್ಕೆ ಹಾಳಾಗುತ್ತದೆ. ಬ್ಯಾಗ್ ತಿರುಗಿಸಿ.

ಇನ್ನು ನಿಮ್ಮ ಮೂಲ ಪ್ರಶ್ನೆ. ನಿಮ್ಮ ಸಾಲಿನ ಮೇಲೆ ಯಾರದೋ ಟ್ರಾಲಿ ಅಡ್ಡ ಮಲಗಿದೆ, ತಿರುಗಿಸಿದರೆ ನಿಮ್ಮದಕ್ಕೂ ಜಾಗವಾಗುತ್ತದೆ ಎನ್ನಿ. ಸುತ್ತ ಕೇಳುವಂತೆ, ‘ಇದು ಯಾರ ಬ್ಯಾಗು? ಸ್ವಲ್ಪ ತಿರುಗಿಸಲಾ?’ ಎನ್ನಿ. ಹುಬ್ಬಳ್ಳಿ ವಿಮಾನದಲ್ಲಿ ಕನ್ನಡ ಸಾಕು, ಗೋವಾದಿಂದಾದರೆ ಕೊಂಕಣಿ, ದಿಲ್ಲಿಯದಕ್ಕೆ ಹಿಂದಿ. ಒಡೆಯರು ಬಂದರೆ ಅವರೇ ತಿರುಗಿಸಲಿ. ಯಾರೂ ಮಾತಾಡದಿದ್ದರೆ ಅದೇ ಬಿನ್‌ನೊಳಗೆ ನಿಧಾನಕ್ಕೆ ಸರಿಸುವುದರಲ್ಲಿ ತಪ್ಪಿಲ್ಲ. ಆದರೆ ಹೊರಗೆ ತೆಗೆದು ಬೇರೆ ಬಿನ್‌ಗೆ ಹಾಕುವುದು, ನೆಲಕ್ಕಿಳಿಸುವುದು, ಮೆತ್ತನೆಯ ಚೀಲದ ಮೇಲೆ ನಿಮ್ಮ ಗಟ್ಟಿ ಟ್ರಾಲಿ ಹೇರುವುದು ಕೂಡದು. ಒಳಗೆ ಏನಿದೆಯೋ ನಿಮಗೆ ಗೊತ್ತಿಲ್ಲ. ಒಡೆದರೆ ಮಾತು ನಿಮ್ಮ ತಲೆಗೆ ಬರುತ್ತದೆ. ಅಂಥ ಬದಲಾವಣೆ ಬೇಕೆನಿಸಿದರೆ ಸಿಬ್ಬಂದಿಯನ್ನು ಕರೆಯಿರಿ. ಯಾರ ಚೀಲವನ್ನು ಎಲ್ಲಿಗೆ ಒಯ್ದರೆಂದು ಅವರು ಒಡೆಯರಿಗೆ ಹೇಳುತ್ತಾರೆ, ಜಗಳಕ್ಕೆ ಆಸ್ಪದ ಇರುವುದಿಲ್ಲ.

ಹತ್ತಿರದಲ್ಲಿ ಜಾಗ ಸಿಗದಿದ್ದರೆ ನೀವು ಇಳಿಯುವ ಬಾಗಿಲಿನ ದಿಕ್ಕಿಗೆ ಒಂದೆರಡು ಸಾಲು ಹೋಗಿ ನೋಡಿ, ಅದರ ವಿರುದ್ಧ ದಿಕ್ಕಿಗಲ್ಲ. ಜೆಟ್ ವಿಮಾನದಲ್ಲಿ ಸಾಮಾನ್ಯವಾಗಿ ಅದು ಮುಂದಿನ ಬಾಗಿಲು. ಹುಬ್ಬಳ್ಳಿ-ಬೆಂಗಳೂರು ನಡುವೆ ಎಟಿಆರ್ 72 ಎಂಬ ಪ್ರೊಪೆಲ್ಲರಿನ ಸಣ್ಣ ವಿಮಾನ ಬಂದರೆ ಮಾತ್ರ ಎಲ್ಲವೂ ತಿರುವುಮುರುವು. ಅದರಲ್ಲಿ ಜನ ಹತ್ತಿ ಇಳಿಯುವುದು ಹಿಂಬದಿಯ ಬಾಗಿಲಿನಿಂದ, ಮುಂದೆ ಸಾಮಾನಿನ ಕೋಣೆ. 5ನೇ ಸಾಲಿನವರು ಬ್ಯಾಗನ್ನು 3ರ ಮೇಲಿಟ್ಟರೆ ಇಳಿಯುವಾಗ ಜನರ ಎದುರು ಈಜಬೇಕು. 7ರ ಮೇಲಿಟ್ಟರೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಮೆಟ್ಟಿಲು ಹಚ್ಚುವ ನಿಲ್ದಾಣಗಳಲ್ಲಿ ಜೆಟ್‌ಗೂ ಹಿಂದಿನ ಬಾಗಿಲು ತೆರೆಯುವುದುಂಟು. ನಿಮ್ಮದು 20ರ ಆಚೆಯ ಸಾಲಾದರೆ ಇದನ್ನೂ ನೆನಪಿಡಿ.

ಎಟಿಆರ್ ಬಗ್ಗೆ ಇನ್ನೂ ಒಂದು. ಅದರ ಬಿನ್ ಸಣ್ಣದು. ಗಟ್ಟಿ ಚಿಪ್ಪಿನ ಟ್ರಾಲಿ ನಿಯಮದ ಅಳತೆಯೊಳಗಿದ್ದರೂ ಎಷ್ಟೋ ಸಲ ಹಿಡಿಯುವುದಿಲ್ಲ. ವಿಮಾನದ ಬುಡದಲ್ಲೇ ಚೀಟಿ ಕಟ್ಟಿ ಕೆಳಗಿನ ಸಾಮಾನಿಗೆ ಸೇರಿಸುತ್ತಾರೆ. ಮೆತ್ತನೆಯ ಬಟ್ಟೆಯ ಚೀಲವಾದರೆ ಒತ್ತಿ ಕೂರಿಸಬಹುದು. ಶಿರಸಿ ಕಡೆಯವರು ಹುಬ್ಬಳ್ಳಿಯಿಂದ ಹೊರಡುವುದಾದರೆ ಟ್ರಾಲಿಯನ್ನು ಕೌಂಟರ್‌ನಲ್ಲೇ ದಿಲ್ಲಿ ತನಕ ಕೊಟ್ಟುಬಿಡುವುದು ಜಾಣತನ ಎಂದು ನನ್ನ ಅಭಿಪ್ರಾಯ. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿದ್ದರೆ ಬೆಂಗಳೂರಿನಲ್ಲಿ ಅಮ್ಮನ ಕೈ ಹಿಡಿದು ನಡೆಯಲಿಕ್ಕೂ ನಿಮ್ಮ ಕೈ ಖಾಲಿ ಇರುತ್ತದೆ. ಚೀಟಿಯಲ್ಲಿ ಕೊನೆಯ ಊರು ದಿಲ್ಲಿ ಎಂದಿದೆಯಾ ನೋಡಿಕೊಳ್ಳಿ.

ಜಾಗ ಮುಗಿದು ಕೊನೆಯ ಹೊತ್ತಿಗೆ ಬ್ಯಾಗ್ ಕೆಳಗೆ ಹಾಕಬೇಕು ಎಂದು ಸಿಬ್ಬಂದಿ ಹೇಳಿದರೆ ವಾದ ಬೇಡ, ಒಂದು ನಿಮಿಷ ಕೇಳಿ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ, ಔಷಧಿ, ಬಂಗಾರ, ದುಡ್ಡು, ಲ್ಯಾಪ್‌ಟಾಪ್, ಮನೆಯ ಕೀಲಿ ತೆಗೆದುಕೊಂಡೇ ಕೊಡಬೇಕು. ಪವರ್ ಬ್ಯಾಂಕ್ ಕೆಳಗಿನ ಸಾಮಾನಿನಲ್ಲಿ ಹೋಗುವುದು ನಿಷಿದ್ಧ. ಇವೆಲ್ಲವನ್ನೂ ಮನೆಯಲ್ಲೇ ಒಂದು ತೆಳ್ಳನೆಯ ಬಟ್ಟೆಚೀಲಕ್ಕೆ ಹಾಕಿ ಟ್ರಾಲಿಯ ಬಾಯಲ್ಲಿಟ್ಟರೆ, ಜನ ಹಿಂದೆ ಸಾಲುಗಟ್ಟಿರುವಾಗ ಸೀರೆ ಪಂಚೆ ಹರವಿ ಹುಡುಕುವ ಫಜೀತಿ ಇಲ್ಲ. ಟ್ರಾಲಿ ಬಿನ್‌ಗೆ ಹೋಗುವುದಾದರೂ ಪವರ್ ಬ್ಯಾಂಕನ್ನು ಮೊದಲು ಹೊರಗೆ ತೆಗೆಯಿರಿ, ಬಿನ್‌ನಲ್ಲೂ ಅದು ಬೇಡ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬಿನ್‌ನಿಂದಲೇ ಬೆಂಕಿ ಹತ್ತಿತು, ತನಿಖೆಯ ಬೊಟ್ಟು ಪವರ್ ಬ್ಯಾಂಕ್ ಕಡೆಗೇ ಹೋಯಿತು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಬಿನ್‌ನಲ್ಲಿ ಇಡಬಾರದೆಂದು ಹೇಳಿದೆ. ಕಣ್ಣಿಗೆ ಕಾಣುವ ಕಡೆ, ಸೀಟಿನ ಜೇಬಿನಲ್ಲೋ ಕಾಲ ಬಳಿಯ ಚೀಲದಲ್ಲೋ ಇದ್ದರೆ ಬಿಸಿಯಾದದ್ದು ಬೇಗ ಗೊತ್ತಾಗುತ್ತದೆ.

ಉಪ್ಪಿನಕಾಯಿ ವಿಷಯಕ್ಕೆ ಬರೋಣ, ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಬಿನ್ ಸಮಸ್ಯೆಯ ಮುಕ್ಕಾಲು ಪಾಲು ಇದೇ. ಜೆಟ್ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಆಗ ಹೆಚ್ಚೆಂದರೆ ಮೂರನೇ ಒಂದು ಪಾಲಿನಷ್ಟು ಹಿಗ್ಗಲು ನೋಡುತ್ತದೆ. ಅರ್ಧ ತುಂಬಿದ ಭರಣಿಯಲ್ಲಿ ಗಾಳಿ ಜಾಸ್ತಿ, ಹಾಗಾಗಿ ಅದು ಹಿಗ್ಗಿ ಹೊರಗೆ ನೂಕುವ ರಸವೂ ಜಾಸ್ತಿ. ಅದು ಬಿನ್‌ನಲ್ಲಿ ಅಡ್ಡ ಬಿದ್ದಿದ್ದರೆ ಅಪ್ಪೆಮಿಡಿ (ಮಾವಿನ ಮಿಡಿ) ಉಪ್ಪಿನಕಾಯಿಯ ರಸ ಮುಚ್ಚಳದ ಸಂದಿಯಿಂದ ಹೊರಟು ಪಕ್ಕದವರ ಲ್ಯಾಪ್‌ಟಾಪಿನ ತನಕ ಹೋಗುತ್ತದೆ. ಆ ಕಲೆ ಯಾವ ಸಾಬೂನಿಗೂ ಹೋಗುವುದಿಲ್ಲ ಮಾರಾಯ್ರೆ. ಒಯ್ಯಲೇಬೇಕಾದರೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕುತ್ತಿಗೆಯ ತನಕ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಎರಡು ಪದರ ಬಿಗಿದು, ಮೇಲೆ ಮುಚ್ಚಳ ತಿರುಗಿಸಿ, ಟೇಪು ಸುತ್ತಿ, ಜಿಪ್ ಚೀಲದೊಳಗೆ ಹಾಕಿ, ಹಳೆಯ ಪಂಚೆ ಸುತ್ತಿ ಕೌಂಟರ್‌ನಲ್ಲಿ ಕೊಡುವ ಸೂಟ್‌ಕೇಸಿನ ನಡುವಿನಲ್ಲಿಡಿ. ಅಲ್ಲೂ ಒತ್ತಡ ಇಷ್ಟೇ ಇಳಿಯುತ್ತದೆ, ಆದರೆ ಸೋರಿದರೆ ಹಾಳಾಗುವುದು ನಿಮ್ಮ ಬಟ್ಟೆ. ಜೋನಿಬೆಲ್ಲಕ್ಕೂ ಇದೇ ಕ್ರಮ. ಹುಳಿ ಹತ್ತಿ ನೊರೆ ಬರಲು ಶುರುವಾದ ಬೆಲ್ಲ ಮಾತ್ರ ಬೇಡವೇ ಬೇಡ, ಅದು ತಾನೇ ಗಾಳಿ ಹುಟ್ಟಿಸಿಕೊಂಡು ಡಬ್ಬಿ ಉಬ್ಬಿಸುತ್ತದೆ.

ಒಣಮೀನು, ಒಣಸಿಗಡಿ ಒಯ್ಯುವ ಕಾರವಾರ, ಅಂಕೋಲಾದವರಿಗೆ ಒಂದೇ ಮಾತು: ಬಿನ್‌ಗೆ ಅದು ಬರಕೂಡದು. ಗಾಳಿ ತೆಗೆದು ಸೀಲು ಮಾಡಿದ ಪೊಟ್ಟಣವಾಗಿ ಕೆಳಗಿನ ಸಾಮಾನಿಗೆ ಕೊಡಿ. ಮುಚ್ಚಿದ ಬಿನ್‌ನಲ್ಲಿ ಒಂದು ಗಂಟೆ ಇದ್ದರೆ ಆರು ಜನರ ಬಟ್ಟೆಗೆ ವಾಸನೆ ಹತ್ತುತ್ತದೆ. ಕೊಬ್ಬರಿ ಕೈಚೀಲದಲ್ಲೂ ಕೆಳಗಿನ ಸಾಮಾನಿನಲ್ಲೂ ಬರುವಂತಿಲ್ಲ. ಅದರ ಎಣ್ಣೆ ಗಾಳಿಯೊಡನೆ ಬೆರೆತು ತಾನೇ ಬಿಸಿಯಾಗಬಲ್ಲದು ಎಂದು ಸರಕು ಸಾಗಣೆಯಲ್ಲಿ ಅದನ್ನು ಅಪಾಯಕಾರಿ ಪಟ್ಟಿಗೆ ಸೇರಿಸಿದ್ದಾರೆ. ಪೂಜೆಯ ತೆಂಗಿನಕಾಯಿಯನ್ನೂ ಸೆಕ್ಯುರಿಟಿಯಲ್ಲಿ ತಡೆಯುತ್ತಾರೆ. ಶಬರಿಮಲೆಯ ಇರುಮುಡಿಗೆ ಸೀಸನ್ನಿನಲ್ಲಿ ವಿನಾಯಿತಿ ಕೊಟ್ಟದ್ದು ಬೇರೆ ಮಾತು. ಅಮ್ಮನಿಗೆ ಕವಳದ (ಎಲೆ-ಅಡಿಕೆಯ) ಅಭ್ಯಾಸ ಇದ್ದರೆ ಸಂಚಿಯಿಂದ ಅಡಕತ್ತರಿ ತೆಗೆದು ಸೂಟ್‌ಕೇಸಿಗೆ ಹಾಕಿ, ಅಡಿಕೆ ಮನೆಯಲ್ಲೇ ಕತ್ತರಿಸಿಕೊಳ್ಳಲಿ.

ಹಾಳೆಯಂತೆ ತೆಳ್ಳಗಿನ ಸಿಹಿತಿಂಡಿ ತೊಡೆದೇವು ಒಯ್ಯುವುದಾದರೆ ಸ್ಟೀಲಿನ ಡಬ್ಬಿ, ಅದೂ ಕಾಲ ಬಳಿ. ಬಿನ್‌ನಲ್ಲಿಟ್ಟರೆ ಯಾರದೋ 7 ಕಿಲೋ ಬಂದು ಮೇಲೆ ಕೂತು ಹಿಟ್ಟಾಗುತ್ತದೆ, ಅವರನ್ನು ಬೈಯುವ ಹಾಗೂ ಇಲ್ಲ. ಕರಿ ಇಶಾಡ ಮಾವಿನಹಣ್ಣಿನ ಬಾಕ್ಸಿಗೂ ಹೀಗೆಯೇ: ಸಣ್ಣದಾದರೆ ಸೀಟಿನ ಅಡಿಗೆ, ದೊಡ್ಡದಾದರೆ ಎಲ್ಲ ಟ್ರಾಲಿಗಳು ಕೂತ ಮೇಲೆ ಜಾಗ ಉಳಿದರೆ ಬಿನ್‌ಗೆ, ‘ಹಣ್ಣಿದೆ’ ಎಂದು ಪಕ್ಕದವರಿಗೆ ಹೇಳಿ. ಯಕ್ಷಗಾನದ ಮೇಳದವರು ಮುಂಬೈ, ದಿಲ್ಲಿಗೆ ಹೋಗುವಾಗ ಕಿರೀಟದ ಪೆಟ್ಟಿಗೆ ಬಿನ್‌ಗೆ ಹಾಕಲು ನೋಡುವುದುಂಟು. ತೂಕ ಹಗುರ, ಆದರೆ ಒಂದು ಪೆಟ್ಟಿಗೆ ಇಡೀ ಬಿನ್ ತಿನ್ನುತ್ತದೆ. ಮದ್ದಳೆ, ಚಂಡೆಗಳಂತೂ ಅಳತೆಗೇ ಕೂರುವುದಿಲ್ಲ. ಮೊದಲೇ ವಿಮಾನ ಕಂಪನಿಗೆ ಹೇಳಿ ದಾರಿ ಕಂಡುಕೊಳ್ಳಬೇಕು.

ಎತ್ತಿಡುವ ಕೆಲಸ ಬ್ಯಾಗಿನ ಒಡೆಯರದ್ದು. ಸಿಬ್ಬಂದಿ ನೆರವಾಗುತ್ತಾರೆ, ಆದರೆ ದಿನಕ್ಕೆ ಹಲವು ವಿಮಾನ ನೋಡುವವರು ಎಲ್ಲರ ಬ್ಯಾಗ್ ಎತ್ತಿದರೆ ಬೆನ್ನು ಉಳಿಯುವುದಿಲ್ಲ. ನಿಮ್ಮ ಟ್ರಾಲಿಯನ್ನು ಮನೆಯಲ್ಲೇ ತಲೆಗಿಂತ ಮೇಲೆ ಎತ್ತಿ ನೋಡಿ. ಆಗದಿದ್ದರೆ ಅದು ಕೌಂಟರ್‌ಗೆ ಕೊಡುವ ಬ್ಯಾಗು. ಎತ್ತುವಾಗ ಮೊದಲು ಸೀಟಿನ ಬೆನ್ನಿನ ಎತ್ತರಕ್ಕೆ ತಂದು, ಒಂದು ಕೈ ಹಿಡಿಗೆ, ಇನ್ನೊಂದು ಅಡಿಗೆ ಕೊಟ್ಟು ತಳ್ಳಿ. ಕೆಳಗೆ ಕೂತವರ ತಲೆಯ ಮೇಲಿಂದ ತೂಗಾಡಿಸಬೇಡಿ. ಅಮ್ಮನ ಊರುಗೋಲು ಬಿನ್‌ಗೆ ಹೋಗುತ್ತದೆ, ಇಳಿಯುವಾಗ ಮೊದಲು ಅದನ್ನೇ ತೆಗೆಯಿರಿ. ದಾರಿಯಲ್ಲಿ ನಿಂತು ಜಿಪ್ ಬಿಚ್ಚಿ ಇಯರ್‌ಫೋನ್ ಹುಡುಕುವವರಿಂದಲೇ ಹತ್ತುವ ಸಾಲು ನಿಲ್ಲುವುದು. ಬೇಕಾದ್ದು ಬಾಗಿಲ ಹೊರಗೇ ಕೈಗೆ ಬಂದಿರಲಿ.

ಇಳಿಯುವಾಗ ಬೆಲ್ಟಿನ ದೀಪ ಆರುವ ತನಕ ಕೂತಿರಿ. ಬಿನ್ ತೆರೆಯುವಾಗ ಒಂದು ಕೈ ಬಾಗಿಲಿಗೆ, ಇನ್ನೊಂದು ಅಂಗೈ ಕೆಳಗೆ. ಒಳಗಿನದು ಜಾರಿ ನಿಂತಿರುತ್ತದೆ. ನಿಮ್ಮ ಬ್ಯಾಗ್ ನಾಲ್ಕು ಸಾಲು ಹಿಂದಿದ್ದರೆ ಜನರನ್ನು ನೂಕಿಕೊಂಡು ಹೋಗಬೇಡಿ. ಅಲ್ಲಿ ನಿಂತವರನ್ನು ಕೇಳಿದರೆ ಕೈಯಿಂದ ಕೈಗೆ ದಾಟಿಸುತ್ತಾರೆ, ಇಲ್ಲವಾದರೆ ಸೀಟಿನಲ್ಲೇ ಕಾಯಿರಿ. ತುರ್ತಾಗಿ ಇಳಿಸುವ ಪ್ರಸಂಗ ಬಂದರೆ ಬಿನ್ ಮುಟ್ಟಲೇಬಾರದು. 2024ರ ಜನವರಿ 2ರಂದು ಟೋಕಿಯೋದ ಹನೇದಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಬಿದ್ದಾಗ ಒಳಗಿದ್ದ 379 ಜನರೂ ಪಾರಾದರು. ಸಾಮಾನು ಬಿಟ್ಟು ಓಡಿದ್ದು ಅದಕ್ಕೊಂದು ದೊಡ್ಡ ಕಾರಣ.

ಕಡೆಗೆ, ಕಪ್ಪು ಟ್ರಾಲಿಗಳು ಎಲ್ಲವೂ ಒಂದೇ ಥರ ಕಾಣುತ್ತವೆ. ಹಿಡಿಗೆ ಒಂದು ಬಣ್ಣದ ಬಟ್ಟೆ ಕಟ್ಟಿ, ಒಳಗೆ ಹೆಸರು ಫೋನ್ ನಂಬರಿನ ಚೀಟಿ ಹಾಕಿ. ಯಾರಾದರೂ ತಪ್ಪಿ ನಿಮ್ಮದನ್ನು ಒಯ್ದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ಬ್ಯಾಗ್ ಬರುವ ಬೆಲ್ಟಿನ ಬಳಿಯ ಕಂಪನಿ ಕೌಂಟರ್‌ನಲ್ಲಿ ಹೇಳಿ, ಉಳಿದುಹೋದ ಆ ಇನ್ನೊಂದು ಟ್ರಾಲಿಯನ್ನು ಅವರ ಕೈಗೆ ಕೊಡಿ. ಅದರ ಚೀಟಿಯಿಂದಲೋ ಸೀಟ್ ನಂಬರಿನಿಂದಲೋ ಒಡೆಯರಿಗೆ ಫೋನ್ ಹೋಗುತ್ತದೆ.