ಹಳೇ ಡೆಸ್ಕ್‌ಟಾಪ್‌ನ ಕಂದು ಸ್ಲಾಟ್‌ಗೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಕೂರುತ್ತಾ?

ಮೂರು ಬಿಳಿ ಸ್ಲಾಟ್, ಒಂದು ಕಂದು ಸ್ಲಾಟ್ ಇರುವ ಹಳೇ ಮದರ್‌ಬೋರ್ಡ್‌ಗೆ ಗೆಳೆಯರು ಕೊಟ್ಟ ಪಿಸಿಐ ಎಕ್ಸ್‌ಪ್ರೆಸ್ ಗ್ರಾಫಿಕ್ಸ್ ಕಾರ್ಡ್ (ಮಾನಿಟರ್‌ಗೆ ಚಿತ್ರ ಕಳಿಸುವ ಕಾರ್ಡ್) ಹಾಕಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಬಿಳಿಯವು ಪಿಸಿಐ, ಅಂದರೆ ಎಲ್ಲಾ ಬಗೆಯ ಕಾರ್ಡ್‌ಗಳಿಗೂ ಇದ್ದ ಹಳೇ ಸ್ಲಾಟ್. ಕಂದು ಬಣ್ಣದ್ದು ಬಹುತೇಕ ಎಜಿಪಿ, ಅಂದರೆ ಗ್ರಾಫಿಕ್ಸ್ ಕಾರ್ಡ್‌ಗೇ ಮೀಸಲಾದ ಸ್ಲಾಟ್. ಪಿಸಿಐ ಎಕ್ಸ್‌ಪ್ರೆಸ್ ಇವೆರಡರ ನಂತರ ಬಂದ ಬೇರೆಯೇ ಸ್ಲಾಟ್. ಬಣ್ಣ ಒಂದನ್ನೇ ನಂಬಬೇಡಿ. ಎಜಿಪಿ ಸ್ಲಾಟ್ ಉಳಿದವುಗಳಿಗಿಂತ ಸ್ವಲ್ಪ ಒಳಗೆ, ಕ್ಯಾಬಿನೆಟ್‌ನ ಹಿಂಬದಿಯಿಂದ ದೂರಕ್ಕೆ ಇರುತ್ತದೆ. ಅದು ಗೊತ್ತಾದರೆ ಸಾಕು.

ಪಿಸಿಐನಲ್ಲಿ ಸೆಕೆಂಡಿಗೆ 133 ಎಂಬಿ ಮಾತ್ರ ಹರಿಯುತ್ತದೆ, ಅದನ್ನೂ ಸೌಂಡ್ ಕಾರ್ಡ್, ಲ್ಯಾನ್ ಕಾರ್ಡ್ ಎಲ್ಲಾ ಹಂಚಿಕೊಳ್ಳಬೇಕು. ಸುಮ್ನೆ ಡಿಸ್‌ಪ್ಲೇ ಬಂದರೆ ಸಾಕು ಅನ್ನುವವರಿಗೆ ಪಿಸಿಐ ಗ್ರಾಫಿಕ್ಸ್ ಕಾರ್ಡ್ ಸರಿ, ಗೇಮ್‌ಗೆ ಬೇಡ. 1997ರ ಹೊತ್ತಿಗೆ ಬಂದ ಎಜಿಪಿ ಗ್ರಾಫಿಕ್ಸ್‌ಗೆ ಅಂತಲೇ ಬೇರೆ ದಾರಿ ಕೊಟ್ಟಿತು: ಅದರ ಮೊದಲ ವೇಗದ ಹಂತ 1ಎಕ್ಸ್‌ನಲ್ಲಿ ಸೆಕೆಂಡಿಗೆ 266 ಎಂಬಿ, ಕೊನೆಯ ಹಂತ 8ಎಕ್ಸ್‌ನಲ್ಲಿ ಸುಮಾರು 2.1 ಜಿಬಿ. 4ಎಕ್ಸ್‌ಗೂ 8ಎಕ್ಸ್‌ಗೂ ಗೇಮ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, 8ಎಕ್ಸ್ ಬೋರ್ಡ್ ಹುಡುಕಿಕೊಂಡು ಅಲೆಯಬೇಡಿ.

ಎಜಿಪಿಯಲ್ಲಿ ನೀವು ನೋಡಲೇಬೇಕಾದದ್ದು ಸ್ಪೀಡ್ ಅಲ್ಲ, ವೋಲ್ಟೇಜ್. ಕಾರ್ಡಿನ ಅಡಿಯ ಚಿನ್ನದ ಬಣ್ಣದ ಪಟ್ಟಿಯಲ್ಲಿ ಒಂದು ಕಚ್ಚು ಇರುತ್ತದೆ. ಅದು ಮಾನಿಟರ್ ಕೇಬಲ್ ಸಿಕ್ಕಿಸುವ ಕಡೆಗೆ ಹತ್ತಿರ ಇದ್ದರೆ 3.3 ವೋಲ್ಟ್, ದೂರ ಇದ್ದರೆ 1.5 ವೋಲ್ಟ್. ಎರಡೂ ಕಡೆ ಇದ್ದರೆ ಎರಡಕ್ಕೂ ಆಗಬೇಕು. ಆದರೆ ಕೆಲವು ಹಳೇ ಕಾರ್ಡ್‌ಗಳಲ್ಲಿ ಎರಡು ಕಚ್ಚು ಇದ್ದರೂ ಒಳಗೆ ಬರೀ 3.3 ವೋಲ್ಟ್. ಇಂಟೆಲ್ 845ರಂಥ 1.5 ವೋಲ್ಟ್ ಚಿಪ್‌ಸೆಟ್ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್) ಇರುವ ಬೋರ್ಡ್‌ಗೆ ಅದನ್ನು ಹಾಕಿದರೆ ಬೋರ್ಡೇ ಸುಟ್ಟುಹೋಗಬಹುದು. ಅದಕ್ಕೇ ಸೆಕೆಂಡ್‌ಹ್ಯಾಂಡ್ ಎಜಿಪಿ ಕಾರ್ಡ್ ಯಾರು ತೋರಿಸಿದರೂ ನಾನು ಮೊದಲು ತಿರುಗಿಸಿ ಅಡಿ ನೋಡುತ್ತೇನೆ, ಆಮೇಲೆ ಮಾಡೆಲ್ ನಂಬರ್ ಹುಡುಕುತ್ತೇನೆ.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಈ ತಲೆನೋವಿಲ್ಲ. ಹೊಸ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಳೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಲ್ಲೂ ಕೂರುತ್ತದೆ. ಮೊದಲ ತಲೆಮಾರಿನ 16 ಲೇನ್ (ಡೇಟಾ ಹರಿಯುವ ದಾರಿ) ಸ್ಲಾಟ್‌ನಲ್ಲೇ ಸೆಕೆಂಡಿಗೆ ಹೋಗಲು 4 ಜಿಬಿ, ಬರಲು 4 ಜಿಬಿ. ಆದರೆ ಕಾರ್ಡ್ ಉದ್ದ ಇದೆ ಅಂತ 16 ಲೇನೂ ಇರುತ್ತವೆ ಅಂದುಕೊಳ್ಳಬೇಡಿ. ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಅನ್ನುವ ಗ್ರಾಫಿಕ್ಸ್ ಕಾರ್ಡ್ ಬಳಸುವುದು 4 ಲೇನ್ ಮಾತ್ರ. ಅದನ್ನು ಎರಡನೇ ತಲೆಮಾರಿನ (2.0) ಸ್ಲಾಟ್‌ಗೆ ಹಾಕಿದರೆ ಸಿಗುವುದು ಸುಮಾರು 2 ಜಿಬಿ. ಅಂದರೆ ಹೆಚ್ಚುಕಮ್ಮಿ ಎಜಿಪಿ 8ಎಕ್ಸ್‌ನಷ್ಟೇ! ತಮಾಷೆ ಅಲ್ವಾ? ಇನ್ನು ಸ್ಲಾಟ್ ಕೊಡುವ ಕರೆಂಟ್ 75 ವ್ಯಾಟ್‌ವರೆಗೆ. ಅದಕ್ಕಿಂತ ಜಾಸ್ತಿ ಬೇಡುವ ಕಾರ್ಡ್‌ಗೆ ಪವರ್ ಸಪ್ಲೈಯಿಂದ ಬೇರೆ ಕೇಬಲ್ ಬೇಕು, ಹಳೇ ಸಪ್ಲೈಗಳಲ್ಲಿ ಅದು ಇರುವುದೇ ಕಡಿಮೆ.

ನಿಮ್ಮ ಆಸೆ ಆ ಕಾಲದ ಗೇಮ್ ಆಡುವುದಾದರೆ ಎಜಿಪಿ ಕಾರ್ಡ್ ಹುಡುಕಿ. ರೇಡಿಯಾನ್ ಎಚ್‌ಡಿ 3850 ಕೂಡ ಎಜಿಪಿಯಲ್ಲಿ ಬಂದಿತ್ತು. ಈಗಿನ ವಿಡಿಯೋ, ಈಗಿನ ಗೇಮ್ ಬೇಕಾದರೆ ಈ ಬೋರ್ಡ್‌ಗೆ ದುಡ್ಡು ಹಾಕಬೇಡಿ. ಗೆಳೆಯರ ಕಾರ್ಡ್ ಇಟ್ಟುಕೊಂಡು, ಅದಕ್ಕೆ ಹೊಂದುವ ಬೋರ್ಡ್ ನೋಡಿ.