ಮಳೆಗೆ ರಜೆ ಕೊಟ್ಟ ದಿನ ಮಕ್ಕಳಿಗೆ ಮನೆಯೊಳಗೆ ಯಾವ ಕರಕುಶಲ ಮಾಡಿಸಬಹುದು?

ಮಂಗಳೂರಿನ ಫ್ಲ್ಯಾಟು, 5 ಮತ್ತು 8 ವರ್ಷದ ಇಬ್ಬರು ಮಕ್ಕಳು, ಮಳೆ ಜೋರಾಗಿ ಡಿಸಿ ರಜೆ ಘೋಷಿಸಿದ ದಿನಗಳು. ವಿಡಿಯೊ ನೋಡಿ ಮಾಡಿಸಿದ ಉಪ್ಪು-ಹಿಟ್ಟಿನ ಗೊಂಬೆ ಮೆತ್ತಗಾಯಿತು, ಬಲೂನಿನ ಮೇಲೆ ಅಂಟಿಸಿದ ಕಾಗದದ ಬುಟ್ಟಿಗೆ ಬೂಸ್ಟು ಬಂತು ಎಂದು ಬರೆದಿದ್ದೀರಿ. ನಿಮ್ಮ ಕೈಯ ದೋಷವೇನೂ ಇಲ್ಲ. ಆ ವಿಡಿಯೊಗಳಲ್ಲೆಲ್ಲ "ರಾತ್ರಿಯಿಡೀ ಒಣಗಲು ಬಿಡಿ" ಎಂದು ಹೇಳಿ ಮುಂದೆ ಹೋಗುತ್ತಾರೆ. ಒಗೆದ ಬಟ್ಟೆಯೇ ಮೂರು ದಿನ ಒಣಗದ ಆಟಿಯಲ್ಲಿ (ತುಳುವರ ಜೋರು ಮಳೆಯ ತಿಂಗಳು) ಆ ಮಾತು ನಡೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯಲ್ಲಿ ಏನನ್ನು ಮಾಡಿಸುವ ಮೊದಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ನೀರು ಎಷ್ಟು ಸೇರುತ್ತದೆ? ನೀರೇ ಬೇಡದ್ದು ಮೊದಲು, ಸ್ವಲ್ಪ ಬೇಕಾದ್ದು ನಂತರ, ಮುದ್ದೆ ಕಟ್ಟುವಂಥದ್ದು ದಸರಾ ಕಳೆದ ಮೇಲೆ.

ನನ್ನ ಮೊದಲ ಆಯ್ಕೆ ನೆರಳಿನ ಗೊಂಬೆ. ಕತ್ತಲು ಕವಿದ ಮಧ್ಯಾಹ್ನ, ಕರೆಂಟು ಬೇರೆ ಇಲ್ಲ ಎಂದರೆ ಇನ್ನೂ ಒಳ್ಳೆಯದು. ಬೇಕಾಗುವುದು ಹಳೆಯ ಲಗ್ನಪತ್ರಿಕೆಗಳು, ಸಾದಾ ಬಿಳಿ ಹಾಳೆ, ಸ್ಕೆಚ್ ಪೆನ್, ದಪ್ಪ ನೂಲು, ಗೊಂಬೆ ಹಿಡಿದು ಆಡಿಸಲು ಹಿಡಿಸೂಡಿಯ ಕಡ್ಡಿ, ಸ್ವಲ್ಪ ತೆಂಗಿನೆಣ್ಣೆ, ಒಂದು ಬಿಳಿ ಪಂಚೆ. ಗೊಂಬೆಯ ಎತ್ತರ 20ರಿಂದ 25 ಸೆಂ.ಮೀ. ಇರಲಿ. ಅದಕ್ಕಿಂತ ಚಿಕ್ಕದಾದರೆ ಕೈಕಾಲು ಕತ್ತರಿಸುವಾಗಲೇ ಹರಿಯುತ್ತದೆ.

ಲಗ್ನಪತ್ರಿಕೆಯ ರಟ್ಟಿನಲ್ಲಿ ಪ್ರಾಣಿಯದೋ ಮನುಷ್ಯನದೋ ಪಕ್ಕದ ನೋಟ ಬರೆಸಿ. ಎದುರು ಮುಖ ಬರೆದರೆ ನೆರಳಿನಲ್ಲಿ ಮೂಗು-ಬಾಯಿ ಯಾವುದೂ ಕಾಣದೆ ಬರೀ ಉಂಡೆ ಕಾಣುತ್ತದೆ. ತೊಗಲುಗೊಂಬೆಗಳಲ್ಲಿ ಹೆಚ್ಚಿನವು ಪಕ್ಕಕ್ಕೆ ತಿರುಗಿರುವುದನ್ನು ಮಕ್ಕಳಿಗೆ ತೋರಿಸಬಹುದು. ದೇಹ ಒಂದು ತುಂಡು, ಅಲ್ಲಾಡಬೇಕಾದ ಕೈ ಇನ್ನೊಂದು ತುಂಡು. ಎರಡೂ ಸೇರುವಲ್ಲಿ ಒಂದೂವರೆ ಸೆಂ.ಮೀ. ಒಂದರ ಮೇಲೊಂದು ಬರಬೇಕು. ತೂತು ರಟ್ಟಿನ ಅಂಚಿನಿಂದ ಅರ್ಧ ಸೆಂ.ಮೀ. ಆದರೂ ಒಳಗಿರಲಿ, ಇಲ್ಲದಿದ್ದರೆ ಎರಡನೇ ಆಟಕ್ಕೇ ಹರಿಯುತ್ತದೆ. ದಬ್ಬಣದಲ್ಲಿ ತೂತು ಮಾಡುವುದು ದೊಡ್ಡವರ ಕೆಲಸ. ನೂಲು ತೂರಿಸಿ ಎರಡು ಬದಿಗೂ ಗಂಟು ಹಾಕಿ, ಆದರೆ ಗಂಟು ರಟ್ಟಿಗೆ ಒತ್ತಿ ಕೂರಬಾರದು. ಎರಡು ಮಿ.ಮೀ. ಸಡಿಲ ಬಿಡಿ. ಕೈ ಎತ್ತಿದ್ದು ಎತ್ತಿದ ಹಾಗೇ ನಿಂತುಬಿಟ್ಟರೆ ಕಾರಣ ಈ ಗಂಟೇ.

ಮಕ್ಕಳಿಗೆ ನಿಜವಾಗಿ ಖುಷಿ ಕೊಡುವುದು ಬಣ್ಣದ ನೆರಳು. ಗೊಂಬೆಯ ಹೊಟ್ಟೆಯಲ್ಲಿ ಕಿಟಕಿಯಂತೆ ಒಂದು ಭಾಗ ಕತ್ತರಿಸಿ ತೆಗೆಯಿರಿ. ಬಿಳಿ ಹಾಳೆಯ ತುಂಡಿಗೆ ಸ್ಕೆಚ್ ಪೆನ್ನಲ್ಲಿ ಬಣ್ಣ ತುಂಬಿಸಿ, ಆ ಕಿಟಕಿಯ ಹಿಂದೆ ಅಂಟಿಸಿ. ಅಂಟು ಹಿಡಿದ ಮೇಲೆ ಹತ್ತಿಯಲ್ಲಿ ಎರಡು ಮೂರು ಹನಿ ತೆಂಗಿನೆಣ್ಣೆ ತೆಗೆದುಕೊಂಡು ಹಾಳೆಯ ಹಿಂಬದಿಗೆ ಸವರಿ, ಪೇಪರಿನ ನಡುವೆ ಹತ್ತು ನಿಮಿಷ ಒತ್ತಿಡಿ. ಕಾಗದದ ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬುವುದರಿಂದ ಬೆಳಕು ಚದುರದೆ ಹಾದುಹೋಗುತ್ತದೆ, ಬಣ್ಣ ಪರದೆಯ ಮೇಲೆ ಬೀಳುತ್ತದೆ. ಕ್ರಮ ತಪ್ಪಿಸಬೇಡಿ: ಮೊದಲು ಎಣ್ಣೆ ಹಚ್ಚಿದರೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಕ್ರೆಯಾನ್ ದಪ್ಪಗೆ ತೀಡಿದರೂ ಬೆಳಕು ನಿಂತುಹೋಗುತ್ತದೆ, ಅದಕ್ಕೇ ಸ್ಕೆಚ್ ಪೆನ್ ಹೇಳಿದ್ದು.

ಪಂಚೆಯನ್ನು ಒಂದೇ ಪದರವಾಗಿ ಎರಡು ಕುರ್ಚಿಗಳ ನಡುವೆ ಬಿಗಿಯಾಗಿ ಕಟ್ಟಿ. ಮೊಬೈಲಿನ ಟಾರ್ಚನ್ನು ಒಂದು, ಒಂದೂವರೆ ಮೀಟರ್ ಹಿಂದೆ ಡಬ್ಬಿಯ ಮೇಲೆ ಇಡಿ. ಗೊಂಬೆ ಬಟ್ಟೆಗೆ ತಾಗಿಕೊಂಡೇ ಇರಬೇಕು, ದೂರ ಸರಿದಷ್ಟೂ ನೆರಳು ದೊಡ್ಡದಾಗಿ ಮಸುಕಾಗುತ್ತದೆ. ರಾಕ್ಷಸ ಬೆಳೆಯಬೇಕಾದಾಗ ಇದೇ ದೋಷ ಉಪಯೋಗಕ್ಕೆ ಬರುತ್ತದೆ ಅನ್ನಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ನೆರಳಿಗೆ ಅಂಚೇ ಸಿಗುವುದಿಲ್ಲ, ಏಕೆಂದರೆ ಅದರ ಬೆಳಕು ಉದ್ದಕ್ಕೂ ಹರಡಿಕೊಂಡು ಬರುತ್ತದೆ. ಮೇಣದ ಬತ್ತಿ ಬೇಡವೇ ಬೇಡ, ಪಂಚೆ ಪಕ್ಕದಲ್ಲೇ ಇರುತ್ತದೆ.

ನೀರು ಬೇಡದ ಇನ್ನೊಂದು ಕೆಲಸ ಕಾಗದದ ಚಾಪೆ ಹೆಣೆಯುವುದು. ಎ4 ಅಳತೆಯ ಹಾಳೆಯನ್ನು ಉದ್ದದ ನಡುವಿಗೆ ಸರಿಯಾಗಿ ಮಡಚಿ. ಮಡಿಕೆಯ ಕಡೆಯಿಂದ ಎರಡೂವರೆ ಸೆಂ.ಮೀ. ಅಂತರದಲ್ಲಿ ಸೀಳುತ್ತ ಹೋಗಿ, ಎದುರು ತುದಿಗೆ 2 ಸೆಂ.ಮೀ. ಇರುವಾಗ ನಿಲ್ಲಿಸಿ. ಬಿಡಿಸಿದರೆ ಎಂಟು ಪಟ್ಟಿಗಳು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಬೇರೆ ಬಣ್ಣದ ಇನ್ನೊಂದು ಎ4 ಹಾಳೆಯಿಂದ 21 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲದ ಹನ್ನೊಂದು ಪಟ್ಟಿ ಸಿಗುತ್ತವೆ, ಹತ್ತು ಸಾಕು. ಮೇಲೆ-ಕೆಳಗೆ, ಮುಂದಿನ ಸಾಲು ಕೆಳಗೆ-ಮೇಲೆ. ಸಾಮಾನ್ಯವಾಗಿ ಆಗುವ ತೊಂದರೆ ಎಂದರೆ ಏಳೆಂಟು ಪಟ್ಟಿಗೇ ಜಾಗ ಮುಗಿಯುವುದು. ಪ್ರತಿ ಪಟ್ಟಿ ತೂರಿಸಿದ ಕೂಡಲೇ ಬೆರಳಿನಿಂದ ಹಿಂದಿನದಕ್ಕೆ ತಾಗುವಂತೆ ಒತ್ತಿದರೆ ಹೀಗಾಗುವುದಿಲ್ಲ. 5 ವರ್ಷದವಳಿಗೆ ಸೀಳುವ ಕೆಲಸ ನೀವೇ ಮಾಡಿಕೊಡಿ. 8 ವರ್ಷದವನಿಗೆ ಒಂದು ಸೆಂ.ಮೀ. ಪಟ್ಟಿ ಕೊಟ್ಟು, ಎರಡು ಮೇಲೆ ಎರಡು ಕೆಳಗೆ ಎಂದು ಲೆಕ್ಕ ಬದಲಾಯಿಸಿದರೆ ಒಂದು ಮಧ್ಯಾಹ್ನ ಕಳೆಯಿತು. (ಇಬ್ಬರಲ್ಲಿ ಹುಡುಗ ಯಾರು, ಹುಡುಗಿ ಯಾರು ನೀವು ಹೇಳಿಲ್ಲ, ಸುಮ್ಮನೆ ಹೀಗೆ ಬರೆದಿದ್ದೇನೆ.)

ಸ್ವಲ್ಪ ನೀರು ಪರವಾಗಿಲ್ಲ ಎಂದರೆ ಅರಿಶಿನದ ಗುಪ್ತ ಪತ್ರ. ಒಂದು ಟೀ ಚಮಚ ಅರಿಶಿನಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕಲಸಿ ಹಾಳೆಗೆ ತೆಳ್ಳಗೆ ಬಳಿದು ಫ್ಯಾನಿನಡಿ ಇಡಿ, ಅರ್ಧ ಗಂಟೆಗೆ ಬರೆಯುವಷ್ಟು ಆರುತ್ತದೆ. ಕಾಲು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಇಯರ್‌ಬಡ್‌ನಲ್ಲಿ ಅದ್ದಿ ಬರೆದರೆ ಹಳದಿಯ ಮೇಲೆ ಕೆಂಪಕ್ಷರ ಮೂಡುತ್ತದೆ. ಆರತಿಗೆ ಅರಿಶಿನ-ಸುಣ್ಣ ಸೇರಿಸಿ ಕೆಂಪು ನೀರು ಮಾಡುತ್ತೇವಲ್ಲ, ನಡೆಯುವುದು ಅದೇ: ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಹೋದರೆ ಸುಡುತ್ತದೆ. ದಾಸವಾಳದ ಎಸಳನ್ನು ಹಾಳೆಗೆ ಉಜ್ಜಿದರೂ ನೇರಳೆ ಬಣ್ಣ ಬಂದು ನಿಂಬೆಗೆ ಗುಲಾಬಿಯಾಗುತ್ತದೆ. ಬೀಟ್‌ರೂಟ್ ಬಣ್ಣ ಕೆಲವೇ ದಿನಗಳಲ್ಲಿ ಕಂದಾಗುತ್ತದೆ, ಜೋಪಾನವಾಗಿ ಇಟ್ಟುಕೊಳ್ಳುವ ಚಿತ್ರಕ್ಕೆ ಬೇಡ.

ತರಕಾರಿ ಅಚ್ಚಿಗೆ ಬೆಂಡೆಕಾಯಿ, ಹಾಗಲಕಾಯಿ ಒಳ್ಳೆಯವು. ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲು ಇಟ್ಟು ಲೋಳೆ ಇಳಿಸಿ. ಬಣ್ಣಕ್ಕೆ ನೇರ ಅದ್ದಿದರೆ ತೂತುಗಳೆಲ್ಲ ತುಂಬಿ ಹೂವಿನ ಬದಲು ಕಲೆ ಬೀಳುತ್ತದೆ, ಒದ್ದೆ ಸ್ಪಂಜಿಗೆ ಬಣ್ಣ ಸವರಿ ಅದಕ್ಕೆ ಒತ್ತಿ.

ಇನ್ನು ನಿಮ್ಮ ಬೂಸ್ಟು ಬಂದ ಬುಟ್ಟಿ. ಮಳೆಗಾಲದಲ್ಲೂ ಮಾಡಬಹುದು, ಆದರೆ ಮೂರು ಬದಲಾವಣೆ ಬೇಕು. ಬಲೂನು ಬಿಡಿ. ರಾತ್ರಿ ತಂಪಾದಾಗ ಅದು ಸ್ವಲ್ಪ ಕುಗ್ಗುತ್ತದೆ, ಗಾಳಿಯೂ ಸೋರುತ್ತದೆ, ಮೇಲಿನ ಹಸಿ ಕಾಗದ ಸುಕ್ಕಾಗುತ್ತದೆ. ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಿಗೂ ಅಪಾಯ. ಬಾಯಿ ಅಗಲವಾದ ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಹೊರಮೈಗೆ ತೆಳು ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ಅಂಟಿಸಿ. ಬಾಯಿ ಕಿರಿದಾದ ತಂಬಿಗೆಯಾದರೆ ಆಮೇಲೆ ಬಿಡಿಸಲು ಬರುವುದಿಲ್ಲ.

ಎರಡನೆಯದು ಅಂಟು. ಮೈದಾ ಗೋಂದು ಅಗ್ಗ, ಮಕ್ಕಳ ಕೈಗೂ ಹಿತ, ಆದರೆ ಬೂಸ್ಟಿಗೆ ಅದು ಊಟ. ಈ ತಿಂಗಳುಗಳಲ್ಲಿ ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ ಬಳಸಿ. ಬೇಸಿಗೆಯಲ್ಲಿ ಮೈದಾ ಬಳಸುವುದಾದರೆ ಕಾಲು ಕಪ್ ಮೈದಾವನ್ನು ಕಾಲು ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದು ಕಪ್ ನೀರಿಗೆ ಸುರಿದು ಎರಡು ಮೂರು ನಿಮಿಷ ಕೈಬಿಡದೆ ತಿರುವಿ, ಹೊಳಪು ಬಂದ ಕೂಡಲೇ ಇಳಿಸಿ. ಒಣ ಮೈದಾವನ್ನು ನೇರ ಬಿಸಿನೀರಿಗೆ ಹಾಕಿದರೆ ಉಂಡೆಯ ಹೊರಪದರ ಬೆಂದು ಒಳಗೆ ಪುಡಿ ಹಾಗೇ ಉಳಿಯುತ್ತದೆ. ಹುಳ ಬರದಂತೆ ಗೋಂದಿಗೆ ಮೈಲುತುತ್ತ ಹಾಕುವ ಹಳೆಯ ಪದ್ಧತಿಯೊಂದಿದೆ. ಅದು ವಿಷ, ಮಕ್ಕಳ ಕೆಲಸದಲ್ಲಿ ಸೇರಿಸಲೇಬಾರದು. ಒಂದು ಚಮಚ ಉಪ್ಪು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ತಡೆಯುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಚೆನ್ನಾಗಿ ಹಿಡಿಯುತ್ತದೆ, ಆದರೆ ಬೀಜ ನೆನೆಸಿ, ಸಿಪ್ಪೆ ಸುಲಿದು, ರುಬ್ಬಿ, ಕುದಿಸುವಷ್ಟು ತಾಳ್ಮೆ ರಜೆಯ ದಿನ ಯಾರಿಗೂ ಇರುವುದಿಲ್ಲ.

ಮೂರನೆಯದು ಪದರಗಳ ಲೆಕ್ಕ. ಪೇಪರನ್ನು ಕತ್ತರಿಸದೆ ಕೈಯಲ್ಲಿ ಹರಿಯಿರಿ, ಮೂರು ಸೆಂ.ಮೀ. ಅಗಲದ ತುಂಡುಗಳು. ಹರಿದ ಅಂಚಿನ ನಾರು ಕೆಳಗಿನ ಪದರಕ್ಕೆ ಬೆರೆತು ಕೂರುತ್ತದೆ, ಕತ್ತರಿಸಿದ ಅಂಚು ಎದ್ದು ಕಾಣುತ್ತದೆ. ತುಂಡನ್ನು ಅಂಟಿನಲ್ಲಿ ಮುಳುಗಿಸಬೇಡಿ, ಬ್ರಷ್‌ನಲ್ಲಿ ಹಚ್ಚಿ. ದಿನಕ್ಕೆ ಎರಡೇ ಪದರ, ಒಟ್ಟು ಆರು. ಒಂದು ಪದರ ನ್ಯೂಸ್‌ಪೇಪರ್, ಮುಂದಿನದು ಬರೀ ಬಿಳಿ ಹಾಳೆ ಎಂದು ಬದಲಾಯಿಸುತ್ತ ಹೋದರೆ ಎಲ್ಲಿ ಬಿಟ್ಟುಹೋಗಿದೆ ಎಂದು ಮಕ್ಕಳಿಗೇ ಕಾಣುತ್ತದೆ. ರಾತ್ರಿ ಫ್ಯಾನಿನಡಿ ಇಡಿ. ಒಣಗಿದೆಯೋ ಇಲ್ಲವೋ ಎಂದು ನೋಡಲು ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ, ಮೇಲೆ ಪದರ ಹಾಕಬೇಡಿ. ಬೂಸ್ಟು ಬರುವುದು ಹೀಗೆ ಒಳಗೆ ಸಿಕ್ಕಿಬಿದ್ದ ತೇವದಿಂದಲೇ. ಆರನೇ ಪದರದ ಮರುದಿನ ಸ್ಟೀಲ್ ಬಟ್ಟಲು ತೆಗೆದು, ಒಳಮೈ ಮೇಲಾಗಿ ಜಾಲರಿಯ ಮೇಲೆ ಇನ್ನೆರಡು ದಿನ ಇಡಿ. ಪ್ಲಾಸ್ಟಿಕ್ ಇದ್ದ ಬದಿ ಅಲ್ಲಿಯವರೆಗೆ ಒಣಗಿರುವುದೇ ಇಲ್ಲ. ಆಮೇಲೆ ಬಣ್ಣ.

ಉಪ್ಪು-ಹಿಟ್ಟಿನ ಗೊಂಬೆಯನ್ನು ಮಾತ್ರ ಈಗ ಮರೆತುಬಿಡಿ. ಗಾಳಿಯ ತೇವಾಂಶ ಶೇ 75ರ ಆಸುಪಾಸು ದಾಟಿತೆಂದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ, ಉಪ್ಪಿನ ಡಬ್ಬಿ ಒದ್ದೆಯಾಗುವುದೂ ಇದಕ್ಕೇ. ಮಂಗಳೂರಿನ ಮಳೆಗಾಲದಲ್ಲಿ ಗಾಳಿ ಅದರ ಕೆಳಗೆ ಇಳಿಯುವುದು ಅಪರೂಪ. ವಾರ್ನಿಷ್ ಹೊಡೆದರೂ ನಾಲ್ಕು ದಿನ ತಡವಾಗಿ ಮೆತ್ತಗಾಗುತ್ತದೆ, ಅಷ್ಟೇ. ಡಿಸೆಂಬರ್‌ನಲ್ಲಿ ಮಾಡಿಸಿ: ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, ಚಪಾತಿ ಹಿಟ್ಟಿನ ಹದಕ್ಕೆ ಬರುವಷ್ಟು ನೀರು, ಅರ್ಧ ಕಪ್ಪಿಗಿಂತ ಸ್ವಲ್ಪ ಕಡಿಮೆಯೇ ಸಾಕು. ದಪ್ಪ ಅರ್ಧ ಸೆಂ.ಮೀ. ಮೀರದಿರಲಿ, ನೆರಳಿನಲ್ಲೇ ಒಣಗಲಿ. ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಹಿಟ್ಟನ್ನು ಎತ್ತರದಲ್ಲಿಡಿ, ಅಷ್ಟು ಉಪ್ಪು ತಿಂದರೆ ಅದರ ಜೀವಕ್ಕೇ ಕುತ್ತು.

ಕತ್ತರಿಯ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲಗೂ ಪ್ಲಾಸ್ಟಿಕ್ಕೇ ಆಗಿರುವ ಮಕ್ಕಳ ಕತ್ತರಿ ಕಾಗದವನ್ನು ಕತ್ತರಿಸುವುದಿಲ್ಲ, ಮಡಚುತ್ತದೆ, ಮಗು ತನಗೇ ಬರುವುದಿಲ್ಲ ಎಂದುಕೊಳ್ಳುತ್ತದೆ. ತುದಿ ಮೊಂಡಾಗಿರುವ, ಅಲಗು ಸ್ಟೀಲಿನದಾಗಿರುವ ಚಿಕ್ಕ ಕತ್ತರಿ ಕೊಡಿ. ತಿರುಗಬೇಕಾದ್ದು ಕಾಗದ, ಕತ್ತರಿಯಲ್ಲ. ಮಗು ಎಡಗೈಯದಾದರೆ ಎಡಗೈ ಕತ್ತರಿಯನ್ನೇ ತರಿಸಿ, ಸಾಮಾನ್ಯ ಕತ್ತರಿಯಲ್ಲಿ ಕತ್ತರಿಸಬೇಕಾದ ಗೆರೆಯನ್ನು ಅಲಗೇ ಮರೆಮಾಡುತ್ತದೆ.