ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಯೆಜ್ಡಿ: ಕಾರ್ಬುರೇಟರ್ ಎಸೆಯುವ ಮೊದಲು

ಪ್ರಶ್ನೆ: ನನ್ನದು ಹಳೇ ಯೆಜ್ಡಿ 250 ಬೈಕ್. ಬೆಳಿಗ್ಗೆ ಎರಡೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ನಿಂತುಹೋಗುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಮೆಕ್ಯಾನಿಕ್ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಹೋಗಿದೆ, ಬೇರೆ ಗಾಡಿಯದ್ದು ಕೂರಿಸೋಣ ಅನ್ನುತ್ತಾರೆ. ಮಾಡಿಸಲೇ?

ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲವೂ ಯಾರೋ ಒಬ್ಬರು ಆಗಲೇ ಕಾರ್ಬುರೇಟರ್ ಕಿತ್ತು ಗುಜರಿಗೆ ಹಾಕಿರುತ್ತಾರೆ. ಹಳೇ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿ ಜೊತೆ ಬಂದ ಆ ಜಿಕೋವ್ ಮಾದರಿಯ ಕಾರ್ಬುರೇಟರ್ ಕೈಬಿಟ್ಟರೆ ಅಂಥದ್ದು ಇನ್ನೊಂದು ಸಿಗುವುದು ಕಷ್ಟ. ಕಾರ್ಬುರೇಟರ್ ನಿಜವಾಗಿ ಕೆಟ್ಟಿದ್ದರೆ ಬೆಳಿಗ್ಗೆ ಎರಡು ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತಾ?

ಕೇಳಬೇಕಾದ್ದು ಒಂದೇ. ಗಾಡಿ ನಿಂತ ಗಳಿಗೆಯಲ್ಲಿ ಎಂಜಿನ್‌ಗೆ ಪೆಟ್ರೋಲ್ ಇರಲಿಲ್ಲವೋ, ಪ್ಲಗ್‌ನಲ್ಲಿ ಕಿಡಿ ಹಾರಿಸುವ ಕರೆಂಟ್ ಇರಲಿಲ್ಲವೋ? ಇದು ಗ್ಯಾರೇಜ್‌ನಲ್ಲಿ ಗೊತ್ತಾಗುವುದಿಲ್ಲ. ಅಲ್ಲಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಎಂಜಿನ್ ತಣ್ಣಗಾಗಿ ಎಲ್ಲಾ ಸರಿಹೋಗಿರುತ್ತದೆ. ಅದಕ್ಕೇ ಪ್ಲಗ್ ಸ್ಪ್ಯಾನರ್ ಜೊತೆಗಿಟ್ಟುಕೊಂಡು ಹೊರಡಿ. ನಿಂತ ಜಾಗದಲ್ಲೇ ನೋಡಿ.

ಹೇಗೆ ನಿಂತಿತು ಅನ್ನುವುದನ್ನು ಮೊದಲು ಗಮನಿಸಿ. ಪೆಟ್ರೋಲ್ ಕಡಿಮೆಯಾದರೆ ಗಾಡಿ ಮುಕ್ಕರಿಸುತ್ತದೆ, ಎಳೆತ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಕರೆಂಟ್ ಹೋದರೆ ಸ್ವಿಚ್ ಆಫ್ ಮಾಡಿದ ಹಾಗೆ ಒಂದೇ ಏಟಿಗೆ ನಿಲ್ಲುತ್ತದೆ.

ಈಗ ಟ್ಯಾಂಕ್ ಮುಚ್ಚಳ ಸಡಿಲ ಮಾಡಿ. 'ಸ್‌ಸ್' ಅಂತ ಗಾಳಿ ಒಳಗೆ ಹೋಯಿತಾ? ಹಾಗಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ನಿಲ್ಲಿಸಿದಾಗ ನಿಧಾನಕ್ಕೆ ಗಾಳಿ ನುಸುಳುತ್ತದೆ, ಅದಕ್ಕೇ ಹತ್ತು ನಿಮಿಷ ಬಿಟ್ಟರೆ ಸರಿ. ತೂತಿನಲ್ಲಿ ತೆಳು ತಂತಿ ಆಡಿಸಿದರೆ ಕೆಲಸ ಮುಗಿಯಿತು.

ಗಾಳಿಯ ಸದ್ದು ಬರಲಿಲ್ಲ ಅನ್ನಿ. ಕಾರ್ಬುರೇಟರ್ ಮೇಲಿನ ಟಿಕ್ಲರ್ ಎಂಬ ಪುಟ್ಟ ಗುಂಡಿ ಒತ್ತಿ. ಬೆರಳಿಗೆ ಪೆಟ್ರೋಲ್ ಒಸರಿದರೆ ಪೆಟ್ರೋಲ್ ಅಲ್ಲಿಯವರೆಗೆ ಬಂದಿದೆ. ಎಷ್ಟು ಹೊತ್ತು ಒತ್ತಿದರೂ ಒಣಗಿದ್ದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ, ಅದರ ಜಾಲರಿಯಲ್ಲಿ ತುಕ್ಕಿನ ಪುಡಿ ನೋಡಿ. ಓಡುವಾಗ ಪುಡಿ ಜಾಲರಿಗೆ ಅಂಟುತ್ತದೆ, ನಿಂತಾಗ ಕೆಳಗೆ ಬೀಳುತ್ತದೆ.

ಪೆಟ್ರೋಲ್ ಸರಿಯಾಗಿ ಇಳಿಯದ ಈ ದೋಷ ಇಟ್ಟುಕೊಂಡು 'ಹೇಗೋ ಮನೆ ಸೇರೋಣ' ಅಂತ ಓಡಿಸಬೇಡಿ. ಇದು ಟೂ ಸ್ಟ್ರೋಕ್. ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಪಿಸ್ಟನ್ ಸಿಲಿಂಡರ್ ಒಳಗೆ ಹಿಡಿದುಕೊಂಡರೆ ಖರ್ಚು ನಿಮ್ಮದೇ.

ಟಿಕ್ಲರ್ ಒಸರಿತು, ಪ್ಲಗ್ ಬಿಚ್ಚಿದರೆ ಒದ್ದೆಯಿದೆ ಅಂದರೆ ಕರೆಂಟ್ ಕಡೆ ಹೋಗಿ. ಹಾರ್ನ್ ಒತ್ತಿ. ದನಿ ಸೋತಿದ್ದರೆ ಡೈನಮೋ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ. ಈ ಗಾಡಿಯಲ್ಲಿ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಕರೆಂಟ್ ಹೋಗುವುದು 6 ವೋಲ್ಟ್ ಬ್ಯಾಟರಿಯಿಂದಲೇ. ಹಾರ್ನ್ ಜೋರಾಗಿದ್ದರೆ ನನ್ನ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟ್ಸ್ (ಕಾಯಿಲ್‌ನ ಕರೆಂಟ್ ಕಡಿದು ಕೂಡಿಸುವ ಸ್ವಿಚ್) ತೆರೆದಾಗ ಅಲ್ಲಿ ದೊಡ್ಡ ಕಿಡಿ ಹಾರದಂತೆ ತಡೆಯುವುದು ಅದೇ. ಬಲಗಡೆಯ ಕವರ್ ತೆಗೆದು, ಇನ್ನೊಬ್ಬರಿಗೆ ಕಿಕ್ ಹೊಡೆಯಲು ಹೇಳಿ, ಪಾಯಿಂಟ್ಸ್ ನೋಡಿ. ಅಲ್ಲಿ ದೊಡ್ಡದಾಗಿ ಕಿಡಿ ಹಾರುತ್ತಿದ್ದು, ಪಾಯಿಂಟ್ಸ್ ಮುಖ ಸುಟ್ಟು ಕಪ್ಪಾಗಿದ್ದರೆ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ. ಬದಲಾಯಿಸಿ. ಹೊಸದು ಅಂದ ಮಾತ್ರಕ್ಕೆ ನಂಬಬೇಡಿ, ಈಗ ಸಿಗುವುದರಲ್ಲಿ ಕಳಪೆ ಮಾಲು ಜಾಸ್ತಿ. ಪಾಯಿಂಟ್ಸ್ ಮುಖ ಉಜ್ಜಿ, ಗ್ಯಾಪ್ 0.4 ಮಿಲಿಮೀಟರ್ ಇಡಿ. ತೆಳು ಅಳತೆ ಪಟ್ಟಿಗಳ ಫೀಲರ್ ಗೇಜ್‌ನಿಂದ ಅಳೆಯಿರಿ. ಬೀಡಿ ಪ್ಯಾಕೆಟ್ ಕಾಗದ ತೂರಿಸಿ 'ಸರಿಯಿದೆ' ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಕಂಡೆನ್ಸರ್ ಹಾಕಿದರೂ ಅದೇ ಪಾಡು ಅಂದರೆ ಉಳಿದದ್ದು ಕಾಯಿಲ್. ಅದೂ ಬಿಸಿಯಾದಾಗ ಕೈಕೊಡುತ್ತದೆ.

ಒಂದು ಮಾತು ಕಡ್ಡಾಯವಾಗಿ ನೆನಪಿಡಿ. ಕಿಡಿ ನೋಡಲು ಪ್ಲಗ್ಗನ್ನು ಸಿಲಿಂಡರ್‌ಗೆ ತಾಗಿಸುತ್ತೀರಲ್ಲ, ಆಗ ಅದು ಪ್ಲಗ್ ತೂತಿನಿಂದ ದೂರ ಇರಲಿ. ಕಿಕ್ ಹೊಡೆದಾಗ ಆ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ಟ್ಯಾಂಕ್ ಮುಚ್ಚಳ ಮುಚ್ಚಿರಲಿ. ಟಿಕ್ಲರ್‌ನಿಂದ ಒಸರಿದ್ದನ್ನು ಒರೆಸಿ. ಬೆಂಕಿ ಹತ್ತಿಕೊಳ್ಳಲು ಅಷ್ಟೇ ಸಾಕು. ಹತ್ತಿರ ನಿಂತು ಸಿಗರೇಟ್ ಸೇದುವವರನ್ನು ಮುಲಾಜಿಲ್ಲದೆ ಆಚೆ ಕಳಿಸಿ.

ಪ್ರಶ್ನೆ: ಮಳೆಗಾಲ ಪೂರ್ತಿ ನಿಲ್ಲಿಸಿದ್ದ ಗಾಡಿ ಈಗ ಏನು ಮಾಡಿದರೂ ಸ್ಟಾರ್ಟ್ ಆಗುತ್ತಿಲ್ಲ. ಪೆಟ್ರೋಲ್ ಅರ್ಧ ಟ್ಯಾಂಕ್ ಇದೆ.

ಆ ಪೆಟ್ರೋಲ್ ಇರುವುದೇ ತೊಂದರೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ನೀರು, ಎಥೆನಾಲ್ ಎರಡೂ ಸೇರಿ ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಕಾಕ್ ಎಳೆಯುವುದು ಆ ತಳದ್ದನ್ನೇ ಅಲ್ವಾ? ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು, ಹಾಗೇ ಬಿಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾರ್ಬುರೇಟರ್‌ನ ಫ್ಲೋಟ್ ಚೇಂಬರ್, ಜೆಟ್ ತೊಳೆಯಿರಿ. ಉಬ್ಬಿದ ರಬ್ಬರ್ ಪೈಪು, ವಾಷರ್ ಬದಲಾಯಿಸಿ. ಹಳೇದನ್ನೇ ಇಟ್ಟುಕೊಂಡು ಮೇಲೆ ಹೊಸ ಪೆಟ್ರೋಲ್ ಹಾಕಬೇಡಿ.

ಪ್ರಶ್ನೆ: ಟ್ಯಾಂಕ್‌ಗೆ ನುಸಿಗುಳಿಗೆ ಹಾಕಿದರೆ ಬೇಗ ಸ್ಟಾರ್ಟ್ ಆಗುತ್ತಂತೆ, ನಿಜವಾ?

ಸುಳ್ಳು. ನುಸಿಗುಳಿಗೆ ಬಟ್ಟೆ ಬೀರುವಿಗೆ.

ಪ್ರಶ್ನೆ: ಏರ್ ಫಿಲ್ಟರ್ ತೆಗೆದು ಓಡಿಸಬಹುದಾ?

ದೂಳು ಹೋಗಿ ಸವೆದ ಸಿಲಿಂಡರ್‌ಗೆ ಬೋರ್ ಮಾಡಿಸಲು ದುಡ್ಡು ಎತ್ತಿಟ್ಟಿದ್ದರೆ ತೆಗೆಯಿರಿ.

ಪ್ರಶ್ನೆ: ಯಮಹಾ ಆರ್‌ಎಕ್ಸ್ 100ಗೆ ಪಾಯಿಂಟ್ಸ್ ಸೆಟ್ಟಿಂಗ್ ಅಂತ ಮೆಕ್ಯಾನಿಕ್ ದುಡ್ಡು ತೆಗೆದುಕೊಂಡರು. ಗ್ಯಾಪ್ ಎಷ್ಟಿರಬೇಕು?

ಆ ಗಾಡಿಯಲ್ಲಿ ಪಾಯಿಂಟ್ಸೇ ಇಲ್ಲ, ಅದು ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್. ದುಡ್ಡು ವಾಪಸ್ ಕೇಳಿ.